ತೈವೋಳ ಮೈಬಣ್ಣ

ಮೊರೆನಿಕೆಗೆ ಈಗ ಯಾವುದನ್ನೂ ಇಡಿಯಾಗಿ ನೋಡಲು ಆಗುವುದಿಲ್ಲ. ಕಣ್ಣಿನ ಒತ್ತಡದ ಕಾಯಿಲೆ ಅಂಚಿನಿಂದ ತಿನ್ನುತ್ತ ಬಂದು, ನಡುವೆ ಒಂದು ಬಟ್ಟಲಿನಷ್ಟು ಜಾಗ ಮಾತ್ರ ಬಿಟ್ಟಿತ್ತು. ಕಿರಿಯ ಮಗಳು ಇದೊವು ಚಿತ್ರದ ಮೇಲಿನ ಬಟ್ಟೆ ಸರಿಸಿದಾಗ ಮೊರೆನಿಕೆ ಕುರ್ಚಿಯಿಂದೆದ್ದು, ಮೂಗು ಕ್ಯಾನ್ವಾಸಿಗೆ ತಾಗುವಷ್ಟು ಹತ್ತಿರ ನಿಂತು, ತುಂಡು ತುಂಡಾಗಿ ನೋಡತೊಡಗಿದಳು. ಅಬೆಯೊಕುಟಾ ಊರಿನ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಉತ್ತರಪತ್ರಿಕೆ ತಿದ್ದುವ ಗತ್ತು ಇನ್ನೂ ಕುತ್ತಿಗೆಯಲ್ಲಿತ್ತು.

ಚಿತ್ರದಲ್ಲಿ ಐವತ್ತರ ಆಸುಪಾಸಿನ ಇಬ್ಬರು ಹೆಂಗಸರು ಒಂದೇ ಬೆಂಚಿನ ಮೇಲೆ ಕೂತಿದ್ದರು. ಒಂದೇ ಬಗೆಯ ಉಡುಪು, ತಲೆಗೆ ಒಂದೇ ಬಗೆಯಲ್ಲಿ ಸುತ್ತಿದ ಗೆಲೆ ಬಟ್ಟೆ. ಬಲಗಡೆ ಇರುವವಳು ಕೇಹಿಂದೆ, ಇದೊವುವಿನ ಅಕ್ಕ. ಈಗ ಬಾಗಿಲಿಗೆ ಒರಗಿ ಕಾಯುತ್ತಿದ್ದಳು. ಎಡಗಡೆ ಕೇಹಿಂದೆಯ ಅವಳಿ ತೈವೊ. ಇವಳು ಎರಡು ವರ್ಷ ತುಂಬುವ ಮೊದಲೇ ಹೋದವಳು. ಆ ಮನೆಯಲ್ಲಿ ಸತ್ತಳು ಎಂದು ಯಾರೂ ಅನ್ನುವುದಿಲ್ಲ, ಅವಳಿಗಳ ವಿಷಯದಲ್ಲಿ ಹಾಗೆ ಅನ್ನಬಾರದು. ಪ್ರಯಾಣ ಹೋಗಿದ್ದಾಳೆ ಎನ್ನುತ್ತಾರೆ. ಹೋದವಳ ಚಿತ್ರ ಬೇಕಾದರೆ ಉಳಿದವಳನ್ನೇ ಅವಳ ಜಾಗದಲ್ಲೂ ಕೂರಿಸುವುದು ರೂಢಿ. ಇದೊವು ಹಾಗೆಯೇ ಮಾಡಿದ್ದಳು. ಅವಳು ಹುಟ್ಟಿದ್ದು ತೈವೊ ಹೋದ ಮೇಲೆ. ಹಜಾರದ ಗೋಡೆಯಲ್ಲಿದ್ದ ಕಪ್ಪು ಬಿಳುಪು ಫೋಟೋದಲ್ಲಿ ಮಕ್ಕಳಿಬ್ಬರೂ ಒಂದೇ ಅಚ್ಚು, ಆ ಧೈರ್ಯ ಅವಳಿಗಿತ್ತು.

"ಎಡಗಡೆ ಕೂತಿರೋಳು ಯಾರು?" ಅಮ್ಮ ಕೇಳಿದಳು.

"ತೈವೊ, ಅಮ್ಮ."

"ಅಲ್ಲ. ಇದು ಕೇಹಿಂದೆ. ಬಲಗಡೆನೂ ಕೇಹಿಂದೆನೇ. ಒಬ್ಬಳನ್ನೇ ಎರಡು ಸಲ ಬರ್ದಿದೀಯ."

"ಫೋಟೋದಲ್ಲಿ ಇಬ್ಬರೂ ಹಾಗೇ ಇದಾರಲ್ಲಮ್ಮ..."

"ಫೋಟೋದಲ್ಲೂ ಒಬ್ಬಳೇ ಎರಡು ಸಲ."

ಬಾಗಿಲಿಗೆ ಒರಗಿದ್ದ ಕೇಹಿಂದೆ ನೆಟ್ಟಗೆ ನಿಂತಳು. ಅಮ್ಮ ಕುರ್ಚಿ ತಡವಿ ಕೂತು, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ ಹೇಳಿದಳು. ತೈವೊ ಪ್ರಯಾಣ ಹೋದ ಮೇಲೆ ತೆಗೆಸಿದ ಫೋಟೋ ಅದು. ಸ್ಟುಡಿಯೋದವನು ಕೇಹಿಂದೆಯನ್ನು ಬೆಂಚಿನ ಈ ತುದಿಯಲ್ಲಿ ಒಮ್ಮೆ, ಆ ತುದಿಯಲ್ಲಿ ಒಮ್ಮೆ ಕೂರಿಸಿ, ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚು ಹಾಕಿಕೊಟ್ಟ. ಆಗ ಎಲ್ಲರೂ ಹಾಗೆಯೇ ಮಾಡಿಸುತ್ತಿದ್ದರು.

ಇದೊವು ಹಜಾರಕ್ಕೆ ಹೋಗಿ ಫೋಟೋ ಇಳಿಸಿ ತಂದಳು. ಎಡಗಡೆ ಮಗುವಿನ ಕಾಲ್ಚೀಲ ಜಾರಿತ್ತು. ಬಲಗಡೆ ಮಗುವಿನದೂ ಅದೇ ಕಾಲಿನದು, ಅಷ್ಟೇ ಜಾರಿತ್ತು. ಮೈಬಣ್ಣ ಒಂದೇ ಕಪ್ಪಾದ ಇಬ್ಬರನ್ನು ತೋರಿಸಿ ನೋಡೋಣ ಎಂದು, ಭಾವಚಿತ್ರ ಬರೆಸಲು ಬರುವ ಗಿರಾಕಿಗಳ ಮುಂದೆ ಸವಾಲು ಹಾಕುವವಳು ಅವಳು. ಹುಟ್ಟಿದಾಗಿನಿಂದ ಈ ಫೋಟೋದ ಕೆಳಗೆ ಊಟ ಮಾಡಿದ್ದಳು.

"ಅಂದ್ರೆ ಎಡಗಡೆ ಮಗು..." ಎಂದಳು ಕೇಹಿಂದೆ.

"ನೀನೇ."

"ಪ್ರತಿ ಹುಟ್ಟುಹಬ್ಬಕ್ಕೆ ಬೀನ್ಸ್ ಬೇಯ್ಸಿ ಮೊದಲ ತುತ್ತು ಅದರ ಮುಂದೆ ಇಡ್ತೀನಲ್ಲಮ್ಮ ನಾನು! ತಿನ್ನು ತಂಗಿ, ತಿನ್ನು ತಂಗಿ ಅಂತ ನನಗೇ ನಾನು ಬಡಿಸ್ತಿದ್ನಾ?"

"ಇಟ್ಟಿದ್ದು ಅವಳಿಗೆ ಸೇರತ್ತೆ. ಅವಳಿಗೆ ಮನೆ ದಾರಿ ಗೊತ್ತು."

"ಒಂದ್ಮಾತು ಹೇಳ್ಬೋದಿತ್ತು."

"ನೀವು ಕೇಳ್ಲಿಲ್ಲ." ಅಮ್ಮ ಚಿತ್ರದ ಕಡೆ ಮುಖ ತಿರುಗಿಸಿದಳು. "ಅವಳು ಕೆಂಪು. ಕೇಹಿಂದೆ ಥರ ಕಪ್ಪಲ್ಲ. ಒಂದೇ ಹೊಟ್ಟೇಲಿ ಒಟ್ಟಿಗೆ ಬಂದ್ರೂ ಅವಳು ಕೆಂಪು." ಆಮೇಲೆ ಶಾಲೆಯ ದನಿಯಲ್ಲಿ, "ತಪ್ಪು. ಮತ್ತೆ ಬರಿ" ಎಂದಳು.

ಬರೆಯಲು ಹೆಚ್ಚು ಕಾಲ ಇರಲಿಲ್ಲ. ಉಳಿದಿರುವ ಬಟ್ಟಲಗಲದ ನೋಟವನ್ನು ಕಾಪಾಡುವ ಔಷಧಿ ತಮ್ಮ ಬಳಿ ಇಲ್ಲ, ಅದು ಯಾವಾಗ ಮುಚ್ಚುತ್ತದೆ ಎಂದು ಹೇಳಲೂ ಆಗುವುದಿಲ್ಲ ಎಂದು ಕಣ್ಣಿನ ವೈದ್ಯರು ಇದೊವುವನ್ನು ಹೊರಗೆ ಕರೆದು ಹೇಳಿದ್ದರು. ಅದು ಮುಚ್ಚುವ ಮೊದಲು ಅಮ್ಮ ತೈವೋಳನ್ನು ನೋಡಬೇಕು. ಚಿತ್ರ ಬರೆಯಲು ಅಮ್ಮ ಕೇಳಿರಲಿಲ್ಲ. ಇದೊವು ತಾನಾಗಿ ಶುರು ಮಾಡಿದ್ದಳು. ಈಗ ನಿಲ್ಲಿಸುವ ಹಾಗಿರಲಿಲ್ಲ.

ಮುಖ ಕೇಹಿಂದೆಯದೇ ಇರಲಿ ಎಂದು ಅಮ್ಮ ಒಪ್ಪಿದಳು. ಮೂಗು, ಹುಬ್ಬು, ಕಿವಿ ಎಲ್ಲ ಒಂದೇ ಆಗಿತ್ತಂತೆ. ಬೇರೆಯಾಗಿದ್ದದ್ದು ಬಣ್ಣ. ಆದರೆ ಕೆಂಪು ಎಂದರೆ ಏನು? ಅವರ ಮಾತಿನಲ್ಲಿ ಕಡುಕಪ್ಪಲ್ಲದ ಪ್ರತಿಯೊಬ್ಬರೂ ಕೆಂಪೇ. ಇದೊವುವಿನ ಪೆಟ್ಟಿಗೆಯಲ್ಲಿ ಕಪ್ಪು ಬಣ್ಣದ ಟ್ಯೂಬು ಇರಲಿಲ್ಲ, ಇದ್ದದ್ದು ಮಣ್ಣಿನ ಬಣ್ಣಗಳು: ಕಾವಿ, ಸುಟ್ಟ ಕಾವಿ, ಹಳದಿ ಮಣ್ಣು, ಕಡುಗಂದು; ಜೊತೆಗೆ ನೀಲಿ, ಬಿಳಿ. ಕಡುಗಂದಿಗೆ ನೀಲಿ ಬೆರೆಸಿ ಅವಳು ಕೇಹಿಂದೆಯ ಕಪ್ಪನ್ನು ಮಾಡಿದ್ದಳು. ದವಡೆಯ ನೆರಳಲ್ಲಿ ಅದು ನೇರಳೆಯ ಕಡೆ ವಾಲುತ್ತಿತ್ತು; ಹಣೆಯಲ್ಲಿ ಬೆಳಕು ಬಿದ್ದ ಕಡೆ ಆಕಾಶವೇ ಕೂತಂತೆ ತಿಳಿನೀಲಿ. ಎದುರಿಗೆ ಕೂತವರ ಮೈಯನ್ನು ಹೀಗೆ ಬಿಡಿಸಿ ನೋಡಬಲ್ಲಳು. ಎದುರಿಗೆ ಇಲ್ಲದವಳದ್ದನ್ನು ಎಲ್ಲಿಂದ ತರುವುದು?

ತೈವೋಳನ್ನು ಕಂಡವರು ಅಮ್ಮನ ಹೊರತು ಇಬ್ಬರೇ ಉಳಿದಿದ್ದರು. ಅಮ್ಮನ ತಮ್ಮ ಅಕಿನ್ಲಾಬಿ ತನ್ನ ಟೈರು ಅಂಗಡಿಯ ಮುಂದೆ ಕೂತಿದ್ದ.

"ಕಡಲೇಬೀಜದ ಮೇಲೆ ತೆಳ್ಳಗೆ ಸಿಪ್ಪೆ ಇರತ್ತಲ್ಲ, ಆ ಬಣ್ಣ," ಎಂದ ಮಾವ.

"ಹಸೀದಾ, ಹುರಿದಿದ್ದಾ?"

"ಹುರಿದಿದ್ದು."

"ಮರಳಲ್ಲಿ ಹುರಿದಿದ್ದಾ, ಬರೀ ಬಾಣಲೇಲಾ?"

"ನೀನೇನು ಪೊಲೀಸಾ? ಅವಳಿಗಳ ಬೆನ್ನಿಗೆ ಹುಟ್ಟಿದ ಮಗು ಪೀಡೆ ಆಗಿರತ್ತೆ ಅಂತ ನಿಮ್ಮಮ್ಮಂಗೆ ಆಗ್ಲೇ ಹೇಳಿದ್ದೆ."

ಹಳೆಯ ನೆರೆಮನೆಯ ಅಬೆನಿ ಚಿಕ್ಕಮ್ಮನ ಪ್ರಕಾರ ಕಡಲೇಬೀಜವೆಲ್ಲ ಸುಳ್ಳು. ತೈವೋಳ ಬಣ್ಣ ತಾಳೆ ಎಣ್ಣೆ ಬೆರೆಸಿ ಹುರಿದ ಮರಗೆಣಸಿನ ತರಿಯದು. "ಒಂದೇ ಒಂದು ಹನಿ ಎಣ್ಣೆ. ಜಾಸ್ತಿ ಹಾಕ್ಬಿಟ್ಟೀಯ ಮತ್ತೆ. ನಿನ್ನ ಕೈ ಅಡುಗೇಲೂ ದುಂದು, ನೋಡಿದೀನಿ."

ಒಂದು ಕಂದು ಕೆಂಪು, ಇನ್ನೊಂದು ಹೆಚ್ಚುಕಡಿಮೆ ಹಳದಿ. ಇವೆರಡರ ನಡುವೆ ಊರಿನ ಅರ್ಧ ಜನ ಹಿಡಿಸುತ್ತಾರೆ. ಇದೊವು ಮನೆಗೆ ಬರುವಾಗ ಬಾಡಿಗೆ ಕಾರಿನಲ್ಲಿ ಒತ್ತಿಕೊಂಡು ಕೂತವರ ತೋಳುಗಳನ್ನು ನೋಡುತ್ತ ಬಂದಳು. ಡ್ರೈವರನ ಕತ್ತು ಮಳೆಗೆ ನೆನೆದ ಮರದ ತೊಗಟೆ. ಅವನ ಪಕ್ಕದ ಹುಡುಗಿಯ ಕೈ ಜೇನುತುಪ್ಪ, ಗೆಣ್ಣುಗಳಲ್ಲಿ ಮಾತ್ರ ಕಡುಗಂದು. ತನ್ನ ಬಲಕ್ಕೆ ಕೂತ ದಪ್ಪ ಹೆಂಗಸಿನ ತೋಳು ಕಾವಿಯೇ, ಆದರೆ ಕಾವಿಯ ಒಳಗಿಂದ ಬೇರೇನೋ ಬರುತ್ತಿತ್ತು. ಇದೊವು ಬಾಗಿದಳು.

"ಯಾಕಮ್ಮ, ನನ್ನ ಕೈ ಮೇಲೆ ಏನಾದ್ರೂ ಹರೀತಿದ್ಯಾ?" ಹೆಂಗಸು ಕೇಳಿದಳು.

"ಇಲ್ಲ, ತಪ್ಪು ತಿಳ್ಕೋಬೇಡಿ. ನಿಮ್ಮ ಮೊಣಕೈ ಹತ್ರ ಸ್ವಲ್ಪ ಹಸಿರಿದೆ."

"ಹಸಿರು ನಿಮ್ಮಪ್ಪನ ಮೊಣಕೈ! ಡ್ರೈವರ್, ಇವಳನ್ನ ಇಳಿಸು, ಇಲ್ಲಾ ನನ್ನನ್ನ ಇಳಿಸು."

ಇದೊವು ತಾನೇ ಇಳಿದು ಉಳಿದ ದಾರಿ ನಡೆದಳು. ನಡೆಯುವಾಗ ಕೈಯ ಬೆರಳುಗಳು ತಮ್ಮಷ್ಟಕ್ಕೆ ಬಣ್ಣ ಕಲಸುತ್ತಿದ್ದವು.

ಅವಳು ಒಂದು ಹಲಗೆಯ ಮೇಲೆ ಹೆಬ್ಬೆರಳಗಲದ ಮಚ್ಚೆಗಳನ್ನು ಬಳಿಯತೊಡಗಿದಳು. ಅಮ್ಮನನ್ನು ಅಂಗಳದ ಬೆಳಕಿನಲ್ಲಿ ಕೂರಿಸಿ, ಹಲಗೆಯನ್ನು ಕಣ್ಣಿನ ಆ ಬಟ್ಟಲಿನ ಎದುರು ಹಿಡಿಯುವಳು. ಕೇಹಿಂದೆಯ ತೋಳೂ ಪಕ್ಕದಲ್ಲೇ ಇರಬೇಕು. ಅಮ್ಮನ ಕಣ್ಣು ಬಣ್ಣ ಕೆಡಿಸುತ್ತಿದ್ದರೆ ಎರಡನ್ನೂ ಒಂದೇ ಅಳತೆಯಲ್ಲಿ ಕೆಡಿಸಲಿ, ಹೋಲಿಕೆಯಾದರೂ ಸಿಗುತ್ತದೆ ಎಂಬುದು ಅವಳ ಲೆಕ್ಕ.

"ಇದು ಇಟ್ಟಿಗೆ," ಅಮ್ಮ ಹೇಳುವಳು. "ಇದು ಕೋಕೋ, ಹಾಲು ಹಾಕಿದ್ರೆ ಕುಡೀಬೋದು. ಇದು ನಿಮ್ಮತ್ತೆ ಮಕ್ಕಳ ಬಣ್ಣ. ಇದಾ? ಇವಳನ್ನ ನಾನು ಹೆತ್ತಿಲ್ಲ."

"ಕೆಂಪು ಜಾಸ್ತಿ ಬೇಕಾ ಅಮ್ಮ, ಹಳದಿನಾ?"

"ಅದು ನಿನ್ನ ಕೆಲಸ. ನಾನು ನೋಡಿದ್ರೆ ಗುರುತು ಹಿಡೀತೀನಿ."

"ಅಮ್ಮಂಗೆ ನೆನಪಿಲ್ಲ ಕಣೆ," ಕೇಹಿಂದೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. "ಐವತ್ತು ವರ್ಷ ಆಯ್ತು. ಯಾವ್ದೋ ಒಂದು ಚೆನ್ನಾಗಿರೋ ಬಣ್ಣ ಹಚ್ಚಿ ಮುಗ್ಸು. ನನ್ನ ತೋಳು ಮರಗಟ್ಟಿ ಹೋಗ್ತಿದೆ."

"ಚೆನ್ನಾಗಿರೋದು ಬೇಡ. ಅವಳದು ಬೇಕು."

"ಹಠಮಾರಿ. ಅವಳಿಗಳಲ್ಲಿ ಆಮೇಲೆ ಹುಟ್ಟಿದೋಳೇ ಹಿರಿಯಳು, ಜಗತ್ತು ಹೇಗಿದೆ ನೋಡ್ಕೊಂಡು ಬಾ ಅಂತ ಅವಳನ್ನ ಹೊಟ್ಟೆಯಿಂದ ಮುಂದೆ ಕಳ್ಸಿದ್ದೇ ನಾನು. ನನಗಿಲ್ಲದ ಅವಸರ ನಿನಗ್ಯಾಕೆ?"

ಇದೊವು ಬಣ್ಣ ಕಲಸುವ ಅಲಗನ್ನು ತೊಳೆಯತೊಡಗಿದಳು. ಅಂದು ಬೆಳಿಗ್ಗೆ ಅಮ್ಮ ಮಚ್ಚೆ ತೋರಿಸಲು ಚಾಚಿದ ಬೆರಳು ಹಲಗೆಯ ಹೊರಗೆ, ಗಾಳಿಯಲ್ಲಿ ಬಿದ್ದಿತ್ತು. ಅಮ್ಮ ಅದನ್ನು ಬೇಗ ಹಿಂದಕ್ಕೆಳೆದುಕೊಂಡಿದ್ದಳು. ಕೇಹಿಂದೆ ಅದನ್ನು ನೋಡಿರಲಿಲ್ಲ.

ಅಷ್ಟರಲ್ಲಿ ಮರುಭೂಮಿಯ ಕಡೆಯಿಂದ ಹರ್ಮಟಾನ್ ಎಂಬ ಒಣ ಗಾಳಿ ಬೀಸತೊಡಗಿತು. ಧೂಳಿನಲ್ಲಿ ಊರ ಬೆಟ್ಟದ ಬಂಡೆ ಮಸುಕಾಯಿತು, ತುಟಿಗಳು ಒಡೆದವು, ಒದ್ದೆ ಬಣ್ಣದ ಮೇಲೆ ಧೂಳು ಕೂತಿತು. ಇದೊವು ಕಿಟಕಿ ಮುಚ್ಚಿದರೆ ಬೆಳಕಿಲ್ಲ, ತೆರೆದರೆ ಧೂಳು. ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಅಂಥ ಒಂದು ಬೆಳಿಗ್ಗೆ ಕೇಹಿಂದೆ ಮೈಗೆ ಶಿಯಾ ಮರದ ಬೀಜದ ಬೆಣ್ಣೆ ಹಚ್ಚಿಕೊಳ್ಳದೆ ಅವಸರದಲ್ಲಿ ಬಂದು ತೋಳು ಚಾಚಿದಳು. ಆ ಗಾಳಿಯಲ್ಲಿ ಬೆಣ್ಣೆ ಕಾಣದ ಮೈ ಒಲೆಯ ಬೂದಿ ಉಜ್ಜಿದ ಹಾಗಾಗುತ್ತದೆ. ಇದೊವುಗೆ ಕುತೂಹಲವಾಯಿತು. ನೀಲಿಗೆ ಬಿಳಿ, ಚೂರು ಕಡುಗಂದು ಸೇರಿಸಿ ಆ ಬೂದಿಯನ್ನು ಕಲಸಿ ನೋಡಿದಳು. ಅಷ್ಟರಲ್ಲಿ ಅಮ್ಮ ಅಂಗಳದಿಂದ ಕೂಗಿದ್ದರಿಂದ, ಅಲಗನ್ನು ಒರೆಸದೆ ಅದರಲ್ಲೇ ಆ ದಿನದ ಕೆಂಪನ್ನು ಎತ್ತಿ ಹಲಗೆಗೆ ಸವರಿಬಿಟ್ಟಳು. ಅವಳು ಎಂದೂ ಮಾಡದ ತಪ್ಪು. ಹಲಗೆಯನ್ನು ಅಮ್ಮನ ಎದುರು ಹಿಡಿದ ಮೇಲೆ ನೋಡಿದಳು: ಮಚ್ಚೆಯ ಒಂದು ಕಡೆ ಬೂದಿ ಸೇರಿ ಮಂಕಾಗಿತ್ತು. ಕ್ಷಮೆ ಕೇಳಿ ಹಿಂದಕ್ಕೆ ಎಳೆಯಬೇಕೆನ್ನುವಷ್ಟರಲ್ಲಿ ಅಮ್ಮ ಅವಳ ಮಣಿಕಟ್ಟು ಹಿಡಿದಳು.

ಅಮ್ಮ ಇಟ್ಟಿಗೆ ಅನ್ನಲಿಲ್ಲ, ಕೋಕೋ ಅನ್ನಲಿಲ್ಲ. ಬಹಳ ಹೊತ್ತು ಆ ಮಂಕು ಭಾಗವನ್ನೇ ನೋಡಿದಳು.

"ಇದೇ," ಎಂದಳು. ಆಮೇಲೆ, "ಒರ್ಸಿಬಿಡು."

"ಅಮ್ಮ, ಇದೇ ಅಂದ್ಮೇಲೆ..."

"ಒರ್ಸು ಅಂದೆ."

ಕೇಹಿಂದೆ ಅಮ್ಮನ ಕುರ್ಚಿಯ ಪಕ್ಕ ನೆಲದಲ್ಲಿ ಕೂತಳು. ಅಮ್ಮ ಅವಳ ಕಡೆ ತಿರುಗಿ, ಅವಳೊಬ್ಬಳಿಗೇ ಎಂಬಂತೆ ಹೇಳಿದಳು. "ದಡಾರ ಇಬ್ಬರಿಗೂ ಬಂದಿತ್ತು. ನಿನಗೆ ಇಳೀತು. ಅವಳಿಗೆ ಗುಳ್ಳೆ ಒಣಗಿ ಮೈಯೆಲ್ಲ ಹೊಟ್ಟು ಹೊಟ್ಟಾಗಿ ಏಳ್ತಿತ್ತು. ದಿನಾ ಶಿಯಾ ಬೆಣ್ಣೆ ಹಚ್ತಿದ್ದೆ. ನಿನ್ನ ಮೈ ಕುಡೀತಿತ್ತು. ಅವಳ ಮೈ ಕುಡೀಲಿಲ್ಲ. ಹಚ್ಚಿದ್ದು ಹಾಗೇ ಮೇಲೆ ನಿಂತಿರ್ತಿತ್ತು."

"ಅದಕ್ಕೆ ಮುಂಚೆ ಹೇಗಿದ್ಲು ಅಮ್ಮ?" ಇದೊವು ಕೇಳಿದಳು.

"ಅದೇ ಸಿಗ್ತಿಲ್ಲ." ಅಮ್ಮನ ದನಿ ಏರಿತು. "ಕೆಂಪು, ಕೆಂಪು ಅಂತ ಬಾಯಲ್ಲಿ ಹೇಳ್ತೀನಿ. ಕಣ್ಣು ಮುಚ್ಚಿದ್ರೆ ಈ ಬೂದಿನೇ. ನೀನು ತೋರ್ಸೋ ಪ್ರತಿ ಬಣ್ಣಕ್ಕೂ ಅಲ್ಲ ಅಂದೆ, ಹೌದು ಅನ್ನೋಕೆ ನನ್ನ ಹತ್ರ ಏನಿದೆ? ಸಾಕು. ಈ ಕೆಲಸ ನಿಲ್ಸು."

ಇದೊವು ಹಲಗೆ ಒಳಗೆ ತಂದಳು. ಆದರೆ ಒರೆಸಲಿಲ್ಲ. ಮಂಕು ಭಾಗವನ್ನು ಅಲಗಿನಿಂದ ಎಬ್ಬಿಸಿ ಒಂದು ಗಾಜಿನ ಚೂರಿಗೆ ಸವರಿ, ಮೇಲೆ ಬಟ್ಟಲು ಕವುಚಿದಳು. ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದಳು. ಒಂದು ಸಂಗತಿ ಮಾತ್ರ ಖಚಿತವಾಗಿತ್ತು. ಅಮ್ಮ ನೋಡಿದ ಬಣ್ಣ ನಿಜವಾದದ್ದು. ತೈವೊ ಅದರ ಕೆಳಗೆ ಇದ್ದಾಳೆ. ಅದನ್ನು ಹಾಗೇ ಬಳಿದರೆ ಕಾಯಿಲೆಯನ್ನು ಗೋಡೆಗೆ ನೇತುಹಾಕಿದಂತೆ. ಸುಮ್ಮನೆ ಮನಸ್ಸಿಗೆ ಬಂದಷ್ಟು ಕೆಂಪು ಸೇರಿಸಿದರೆ ಮತ್ತೆ ಯಾರದೋ ಮಗು. ಬೂದಿಯನ್ನು ಎಷ್ಟು ತೆಗೆಯಬೇಕು ಎಂಬುದಕ್ಕೆ ಅಳತೆ ಬೇಕು.

ಅವಳು ಓಡಾಟ ನಿಲ್ಲಿಸಿ ಬಾಗಿಲಿಗೆ ಬಂದಳು. "ಅಕ್ಕ! ಶಿಯಾ ಬೆಣ್ಣೆ ತಗೊಂಡು ಬಾ. ಹಚ್ಕೋಬೇಡ, ತಗೊಂಡು ಬಾ."

"ಇನ್ನೂ ಮುಗೀಲಿಲ್ವಾ ನಿನ್ನ ಹುಚ್ಚು? ಅಮ್ಮ ನಿಲ್ಸು ಅಂದ್ಲು."

"ಅಮ್ಮ ಅಂದಿದ್ದು ನಂಗೆ. ನಿಂಗಲ್ಲ. ಬಾ."

ಕೇಹಿಂದೆಯ ಎಡತೋಳನ್ನು ಇದ್ದ ಹಾಗೇ ಬಿಟ್ಟು, ಬಲತೋಳಿಗೆ ಬೆಣ್ಣೆ ತಿಕ್ಕಿಸಿದಳು. ಒಂದೇ ಹೆಂಗಸಿನ ಎರಡು ತೋಳು, ಒಂದು ಬೂದಿ, ಇನ್ನೊಂದು ಜೀವಂತ. ಎರಡನ್ನೂ ಬೇರೆ ಬೇರೆ ಕಲಸಿದಳು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಏನು ಬಿಡಬೇಕಾಯಿತು, ಏನು ಸೇರಿಸಬೇಕಾಯಿತು ಎಂದು ನೋಡಿದಳು. ಬಿಳಿ ಪೂರ್ತಿ ಹೋಯಿತು. ನೀಲಿ ಹೋಗಲಿಲ್ಲ, ಕೆಳಗಿಳಿಯಿತು. ಮೇಲೆ ಕಾವಿ ಬಂತು, ಅದರ ಹಿಂದೆ ಸ್ವಲ್ಪ ಹಳದಿ ಮಣ್ಣು. ಗಾಜಿನ ಚೂರಿನ ಮೇಲಿದ್ದ ಬಣ್ಣಕ್ಕೂ ಅಷ್ಟನ್ನೇ ಮಾಡಿದಳು, ಒಂದು ಚೂರೂ ಹೆಚ್ಚಲ್ಲ. ಬಂದ ಬಣ್ಣ ಮಾವನ ಕಡಲೇಬೀಜವಲ್ಲ, ಚಿಕ್ಕಮ್ಮನ ತರಿಯೂ ಅಲ್ಲ. ಅವಳು ಮಾಡಿದ ಯಾವ ಮಚ್ಚೆಗಿಂತಲೂ ಕಡುವಾಗಿತ್ತು. ಆದರೆ ಒಳಗೆ ಬೆಚ್ಚಗಿತ್ತು.

"ಇದು ಕೆಂಪಾ?" ಕೇಹಿಂದೆ ಬಗ್ಗಿ ನೋಡಿದಳು.

"ನಿನ್ನ ಪಕ್ಕ ಇಟ್ರೆ ಕೆಂಪು. ಅವಳನ್ನ ಯಾವಾಗ್ಲೂ ನಿನ್ನ ಪಕ್ಕದಲ್ಲೇ ತಾನೆ ನೋಡಿದ್ದು ಎಲ್ಲರೂ?"

ಕೇಹಿಂದೆ ಬೆಣ್ಣೆ ಹಚ್ಚಿದ ತನ್ನ ತೋಳನ್ನು ಆ ಬಣ್ಣದ ಪಕ್ಕ ಇಟ್ಟು, ತೆಗೆದು, ಮತ್ತೆ ಇಟ್ಟಳು. ತಮಾಷೆ ಮಾಡಲಿಲ್ಲ.

ಇನ್ನೊಂದು ಲೆಕ್ಕ ಉಳಿದಿತ್ತು. ಅದು ಕೂಸಿನ ಬಣ್ಣ. ಚಿತ್ರದಲ್ಲಿರುವುದು ಐವತ್ತರ ಹೆಂಗಸು. ಕೇಹಿಂದೆಯ ಕಂಕುಳ ಬಳಿಯ, ಬಿಸಿಲು ಕಾಣದ ಚರ್ಮಕ್ಕೂ ಕೆನ್ನೆಗೂ ಇರುವ ಅಂತರವನ್ನು ನೋಡಿ, ಅಷ್ಟು ಬಿಸಿಲನ್ನು ತೈವೋಳ ಮುಖಕ್ಕೂ ಕೊಟ್ಟಳು. ಇದರಲ್ಲಿ ಎಷ್ಟು ಖಚಿತ, ಎಷ್ಟು ಊಹೆ ಎಂದು ಅವಳಿಗೆ ಗೊತ್ತಿತ್ತು. ಊಹೆಯೇ ಹೆಚ್ಚು. ಆದರೂ ಎಡಗಡೆಯ ಹೆಂಗಸಿನ ಹಣೆಯಿಂದ ಮಣಿಕಟ್ಟಿನವರೆಗೆ ಕೆರೆದು ಹೊಸದಾಗಿ ಬಳಿದಳು. ಊಟಕ್ಕೆ ಕರೆದರೆ ಹೋಗಲಿಲ್ಲ, ನಿದ್ದೆಯಲ್ಲಿ ಎದ್ದು ಕೂತಳು, ಬೆಳಕಾದೊಡನೆ ಮತ್ತೆ ಕುಂಚ ಹಿಡಿದಳು. ಮುಗಿಯುವ ಹೊತ್ತಿಗೆ ಅಮ್ಮ ಅಂಗಳಕ್ಕೆ ಬರುವಾಗ ಗೋಡೆ ಹಿಡಿಯತೊಡಗಿದ್ದಳು.

ಬಣ್ಣ ಒಣಗಲು ಕಾಯುವುದು ಆಗಲಿಲ್ಲ. ಗಾಳಿ ಸ್ವಲ್ಪ ನಿಂತ ಒಂದು ಬೆಳಿಗ್ಗೆ ಅಕ್ಕತಂಗಿಯರು ಚಿತ್ರವನ್ನು ಹೊತ್ತು ತಂದು ಅಂಗಳದ ಗೋಡೆಗೆ ಒರಗಿಸಿದರು.

"ನಿಲ್ಸು ಅಂದಿದ್ದೆ," ಎಂದಳು ಅಮ್ಮ.

"ಒಂದ್ಸಲ ನೋಡು. ಅಲ್ಲ ಅಂದ್ರೆ ನಾನೇ ಬೆಂಕಿಗೆ ಹಾಕ್ತೀನಿ."

ಅಮ್ಮ ಬಲಗಡೆಯಿಂದ ಶುರು ಮಾಡಿದಳು. ಕೇಹಿಂದೆಯ ತಲೆವಸ್ತ್ರ, ಕೆನ್ನೆ, ಭುಜ ಎಲ್ಲ ಗೊತ್ತಿದ್ದದ್ದು, ಬೇಗ ದಾಟಿದಳು. ಎಡಗಡೆಗೆ ಬಂದಾಗ ನಿಂತಳು. ಅವಳ ಉಸಿರು ಕ್ಯಾನ್ವಾಸಿಗೆ ತಾಗುತ್ತಿತ್ತು. ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕೆನ್ನೆಗೆ, ಅಲ್ಲಿಂದ ಕುತ್ತಿಗೆಗೆ ನೋಟದ ಆ ಸಣ್ಣ ಬಟ್ಟಲು ಇಳಿಯಿತು. ಕುತ್ತಿಗೆಯಿಂದ ಮತ್ತೆ ಕೆನ್ನೆಗೆ ಹತ್ತಿತು. ಸರಿ ಎನ್ನುತ್ತಾಳೋ ತಪ್ಪು ಎನ್ನುತ್ತಾಳೋ ಎಂದು ಇದೊವು ಅಮ್ಮನ ತುಟಿಗಳನ್ನೇ ನೋಡುತ್ತ ನಿಂತಳು.

"ದಪ್ಪ ಆಗಿದಾಳೆ," ಎಂದಳು ಅಮ್ಮ.

ಕೇಹಿಂದೆ ಮುಖ ಗಂಟಿಕ್ಕಿದಳು. "ಅಮ್ಮ, ಅದು ನನ್ನ ಮೈ. ನಾನೇ ಕೂತಿದ್ದು ಅಲ್ಲಿ."

"ನಿನ್ನ ಮೈ ಈ ಕಡೆ ಇದೆ. ನಾನು ಇವಳ ಮಾತಾಡ್ತಿದೀನಿ. ಚೆನ್ನಾಗಿ ತಿಂದಿದಾಳೆ, ತೋಳು ನೋಡು. ಆದ್ರೆ ಗೆಲೆ ಕಟ್ಟೋಕೆ ಬರಲ್ಲ. ಯಾರು ಹೇಳ್ಕೊಡ್ತಾರೆ ಪಾಪ! ಹಣೆ ಎಲ್ಲ ಬಿಟ್ಕೊಂಡು, ಇಷ್ಟು ಗಾಳೀಲಿ..."

ಹೀಗೆನ್ನುತ್ತಲೇ ಅವಳು ಕೈಯೆತ್ತಿ, ತೈವೋಳ ತಲೆವಸ್ತ್ರದ ಅಂಚನ್ನು ಹಣೆಯ ಮೇಲೆ ಕೆಳಗೆಳೆದಳು. ಹಸಿ ಬಣ್ಣ ಬೆರಳ ಜೊತೆ ಜಾರಿತು. ಹಣೆಯ ನಡುವೆ, ಇದೊವು ಎರಡು ಬೆಳಗು ಕೂತು ತಿದ್ದಿದ ಜಾಗದಲ್ಲಿ, ಒಂದು ಗೀರು ಬಿತ್ತು.

ಇದೊವು ಬಟ್ಟೆ ಹಿಡಿದು ಮುನ್ನುಗ್ಗಿದಳು. "ಬಿಡಮ್ಮ, ಹಸಿ ಇದೆ! ಕೈ ಕೊಡು, ಒರೆಸ್ತೀನಿ."

ಅಮ್ಮ ಕೈಯನ್ನು ಎದೆಗೆ ಎಳೆದುಕೊಂಡಳು. ಬೆರಳ ತುದಿಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದಳು. ಬಣ್ಣ ಬೆರಳ ಗೆರೆಗಳೊಳಗೆ ಇಳಿಯಿತು.

"ಕುರ್ಚಿ ತನ್ನಿ," ಎಂದಳು. "ಇಲ್ಲೇ ಹಾಕಿ, ಇವಳ ಕಡೆಗೆ. ಮಧ್ಯಾಹ್ನದವರೆಗೆ ಬೆಳಕಿರತ್ತೆ."

ಕೇಹಿಂದೆ ಕುರ್ಚಿ ತರಲು ಒಳಗೆ ಓಡಿದಳು. ಇದೊವು ಹಣೆಯ ಮೇಲಿನ ಗೀರನ್ನು ನೋಡುತ್ತ, ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತ, ಅದನ್ನು ಮುಟ್ಟದೆ ನಿಂತಿದ್ದಳು.